ದುಭಾಷಿ ಸುಮ್ಮನಾದ ಮೇಲೆ

ಮಂಗಳೂರಿನಲ್ಲಿ 'ಆಟ' ಎಂದರೆ ಯಕ್ಷಗಾನ, 'ಕೂಟ' ಎಂದರೆ ತಾಳಮದ್ದಳೆ. "ನಿನ್ನೆ ಆಟಕ್ಕೆ ಹೋಗಿದ್ರಾ?" ಎಂದು ತೊಕ್ಕೊಟ್ಟಿನ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಕ್ರಿಕೆಟ್ ನೆನಪಾಗುವುದು ಹೊರಗಿನಿಂದ ಬಂದವರಿಗೆ ಮಾತ್ರ. ಹಾಗಾಗಿ 2020ರ ಮಳೆಗಾಲದಲ್ಲಿ ನಾನು ಮನೆಯಲ್ಲಿ ಕೂತು ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ಟೈಪ್ ಮಾಡುತ್ತಿದ್ದಾಗ ಅಮ್ಮನಿಗೂ ನನಗೂ ಒಂದು ಮಾತುಕತೆ ಆಗಿತ್ತು.

"ಎಂತ ಮಾಡ್ತಾ ಇದ್ದಿ ಇಷ್ಟು ಹೊತ್ತಿಗೆ?"

"ಆಟ ಅಮ್ಮಾ."

"ಆಟವಾ? ಲೈವ್ ಉಂಟಾ? ಯಾವ ಮೇಳದ್ದು?"

ಆ ವರ್ಷ ಮೇಳಗಳೆಲ್ಲ ಪತ್ತನಾಜೆಯವರೆಗೂ ಕಾಯದೆ ಮಾರ್ಚಿನಲ್ಲೇ ಗೆಜ್ಜೆ ಬಿಚ್ಚಿದ್ದವು. ಹಾಗಾಗಿ ಅಮ್ಮನ ಪ್ರಶ್ನೆಯಲ್ಲಿ ಸಣ್ಣ ಆಸೆಯೂ ಇತ್ತು. ನಾವು ಆಡುತ್ತಿದ್ದದ್ದು ಮಾತ್ರ ಬೇರೆಯೇ ಆಟ. ಆರು ಜನ, ಒಂದು ವಾಟ್ಸಾಪ್ ಗುಂಪು, ಒಂದು ಕಲ್ಪಿತ ಬಂದರು. ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯ ಹತ್ತಿರ, ಹದಿನಾರನೆಯ ಶತಮಾನದಲ್ಲಿ, ಪೋರ್ಚುಗೀಸರ ಹಡಗುಗಳು ದಡಕ್ಕೆ ಬಂದು ನಿಂತಿರುವ ಕಾಲ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಗುತ್ತಿನ ಯಜಮಾನ, ಅಕ್ಕಿ ಸಾಗಿಸುವ ಬ್ಯಾರಿ ವ್ಯಾಪಾರಿ, ಮೀನು ಮಾರುವ ಹೆಂಗಸು, ಪೋರ್ಚುಗೀಸ್ ಕಪ್ತಾನ, ಮತ್ತು ಕಪ್ತಾನನ ಮಾತನ್ನು ಊರಿಗೆ, ಊರಿನ ಮಾತನ್ನು ಕಪ್ತಾನನಿಗೆ ಮುಟ್ಟಿಸುವ ಕೊಂಕಣಿ ದುಭಾಷಿ. ಚಿತ್ರವಿಲ್ಲ, ಅಂಕವಿಲ್ಲ, ಗೆಲುವಿಲ್ಲ. ಪ್ರತಿಯೊಬ್ಬರೂ ತಮ್ಮ ಪಾತ್ರ ಏನು ಹೇಳಿತು, ಏನು ಮಾಡಿತು ಎಂದು ಒಂದು ಪ್ಯಾರಾ ಬರೆಯಬೇಕು, ಮುಂದಿನವರು ಅದಕ್ಕೆ ಉತ್ತರ ಬರೆಯಬೇಕು. ನಲವತ್ತೆಂಟು ಗಂಟೆಯೊಳಗೆ. ನನಗೆ ಪಾತ್ರವಿರಲಿಲ್ಲ. ಮಳೆ, ಗಾಳಿ, ಹಡಗು, ಸುಂಕ, ಸಾವು ಇವನ್ನೆಲ್ಲ ನಾನು ಬರೆಯುತ್ತಿದ್ದೆ, ಯಾರ ಸರದಿ ಎಂದು ಹೇಳುತ್ತಿದ್ದೆ. ತಮಾಷೆಗೆ ಎಲ್ಲರೂ ನನ್ನನ್ನು 'ಭಾಗವತ್ರೇ' ಎಂದು ಕರೆಯುತ್ತಿದ್ದರು.

ಇಂಥ ಆಟ ನಮ್ಮ ಕಂಡುಹಿಡಿತವೇನೂ ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಮಡ್ ಎಂಬ ಹೆಸರಿನಲ್ಲಿ ಬರೀ ಅಕ್ಷರಗಳ ಒಂದು ಲೋಕ ಕಟ್ಟಿದ್ದರು. ದೂರದೂರದ ಕಂಪ್ಯೂಟರುಗಳಲ್ಲಿ ಕೂತವರು ಒಂದೇ ಕತ್ತಲೆಯ ಕಾಡಿನಲ್ಲಿ ಅಲೆದಾಡಬಹುದಿತ್ತು. ಅಂದಿನಿಂದ ಇಂದಿನವರೆಗೆ ಅಂಥ ಆಟಗಳನ್ನು ನಡೆಸುವವರಿಗೆಲ್ಲ ಇರುವ ತಲೆನೋವು ಒಂದೇ: ಆಡುವವರನ್ನು ಉಳಿಸಿಕೊಳ್ಳುವುದು ಹೇಗೆ? ಜನ ಉತ್ಸಾಹದಿಂದ ಬರುತ್ತಾರೆ, ಪಾತ್ರಕ್ಕೆ ಹೆಸರು, ಊರು, ಅಜ್ಜನ ಕತೆ ಎಲ್ಲ ಬರೆಯುತ್ತಾರೆ, ಮೂರು ವಾರ ಆಡುತ್ತಾರೆ, ಆಮೇಲೆ ಕಾಣೆಯಾಗುತ್ತಾರೆ.

ನಾನು ಹೇಳಹೊರಟಿರುವುದು ಉಳಿಸಿಕೊಳ್ಳುವ ಉಪಾಯಗಳನ್ನಲ್ಲ. ಉಳಿಸಿಕೊಳ್ಳಲು ಹೊರಟ ನಾನು ಮಾಡಿದ ಒಂದು ಕೆಲಸದ ಬಗ್ಗೆ. ಅದು ತಪ್ಪು ಎಂದು ನನಗೆ ಗೊತ್ತು. ಯಾಕೆ ತಪ್ಪು ಎಂದು ಹೇಳಲು ಮಾತ್ರ ನಾಲ್ಕೈದು ವರ್ಷ ಬೇಕಾಯಿತು.

ದುಭಾಷಿಯ ಪಾತ್ರ ಮಾಡುತ್ತಿದ್ದವಳು ಮೂಡುಬಿದಿರೆ ಕಡೆಯ ನನ್ನ ಗೆಳತಿ, ಎಂಎಯಲ್ಲಿ ನನ್ನ ಜೊತೆಗಿದ್ದವಳು. ಆರು ಜನರಲ್ಲಿ ಅತ್ಯಂತ ಕಡಿಮೆ ಬರೆಯುತ್ತಿದ್ದವಳು ಅವಳೇ, ಎರಡು ಸಾಲು, ಮೂರು ಸಾಲು. ಆದರೆ ಆಟದ ನಡು ಕೀಲು ಅವಳ ಕೈಯಲ್ಲಿತ್ತು, ಏಕೆಂದರೆ ಕಪ್ತಾನನೂ ಊರಿನವರೂ ಪರಸ್ಪರ ಏನೇ ಹೇಳಿದರೂ ದುಭಾಷಿ ದಾಟಿಸಿದರೆ ಮಾತ್ರ ಅದು ಇನ್ನೊಬ್ಬರಿಗೆ ತಲುಪಿತು ಎಂದು ನಾವೇ ನಿಯಮ ಮಾಡಿಕೊಂಡಿದ್ದೆವು. ಆ ನಿಯಮ ನನ್ನದೇ. ಬಹಳ ಜಾಣತನದ್ದು ಎಂದು ಆಗ ಹೆಮ್ಮೆಯಿತ್ತು. ಒಬ್ಬರ ಮೌನದಿಂದ ಇಡೀ ಊರು ನಿಂತುಹೋಗುವ ಹಾಗೆ ಒಂದು ಊರನ್ನು ಕಟ್ಟಬಾರದು ಎಂಬುದು ಹೊಳೆದದ್ದು ಆಮೇಲೆ.

ನಾಲ್ಕನೆಯ ತಿಂಗಳಲ್ಲಿ ಕತೆ ಬಿಗಿಯಾಯಿತು. ಪೋರ್ಚುಗೀಸರ ಪರವಾನಗಿ ಚೀಟಿ ಇಲ್ಲದೆ ಹೊರಟ ಅಕ್ಕಿ ಹಡಗೊಂದನ್ನು ಕಪ್ತಾನ ಹಿಡಿದಿದ್ದ. ಬ್ಯಾರಿ ವ್ಯಾಪಾರಿಯೂ ಗುತ್ತಿನ ಯಜಮಾನನೂ ಮಾತುಕತೆಗೆ ಬಂದಿದ್ದರು. ಕಪ್ತಾನ ಒಂದು ಷರತ್ತು ಹಾಕಿದ. ಈಗ ದುಭಾಷಿ ಅದನ್ನು ಹೇಳಬೇಕು.

ದುಭಾಷಿ ಹೇಳಲಿಲ್ಲ. ಎರಡು ದಿನ, ನಾಲ್ಕು ದಿನ, ಹನ್ನೊಂದು ದಿನ.

ನಾನು ಮೊದಲು ಗುಂಪಿನಲ್ಲಿ ನೆನಪಿಸಿದೆ. ಆಮೇಲೆ ಖಾಸಗಿಯಾಗಿ: "ಎಲ್ಲರೂ ನಿನಗಾಗಿ ಕಾಯ್ತಾ ಇದ್ದಾರೆ." ಇದು ನಿಜವಾಗಿರಲಿಲ್ಲ. ಐವರಲ್ಲಿ ಇಬ್ಬರು ಆ ವಾರ ಗುಂಪನ್ನು ತೆರೆದೂ ನೋಡಿರಲಿಲ್ಲ. ಕಾಯುತ್ತಿದ್ದದ್ದು ನಾನು ಮತ್ತು ಕಪ್ತಾನ. ಆಮೇಲೆ ನಾನು ಒಂದು ಹಾಜರಿ ಪಟ್ಟಿ ಮಾಡಿ ಹಾಕಿದೆ, ಯಾರು ಈ ತಿಂಗಳು ಎಷ್ಟು ಸಲ ಬರೆದರು ಎಂದು. ಯಾರ ಹೆಸರಿನ ಮುಂದೆಯೂ ಟೀಕೆ ಬರೆಯಲಿಲ್ಲ, ಆದರೆ ದುಭಾಷಿಯ ಹೆಸರಿನ ಮುಂದೆ ಸೊನ್ನೆ ಇತ್ತು. ಇಂಥ ಗುಂಪುಗಳಲ್ಲಿ ಇದಕ್ಕೆ 'ಆಕ್ಟಿವಿಟಿ ಚೆಕ್' ಎಂದೇ ಹೆಸರಿದೆ, ನಾನೇನೂ ಹೊಸ ಕ್ರೌರ್ಯ ಕಂಡುಹಿಡಿಯಲಿಲ್ಲ. ಹನ್ನೆರಡನೆಯ ದಿನ ರಾತ್ರಿ ನಾನೇ ದುಭಾಷಿಯ ಏಳು ಸಾಲು ಬರೆದುಬಿಟ್ಟೆ. ಬರೀ ದಾಟಿಸಿದ್ದರೆ ಕತೆಗೆ ರುಚಿ ಬರುತ್ತಿರಲಿಲ್ಲ. ಹಾಗಾಗಿ ದುಭಾಷಿ ಕಪ್ತಾನನ ಮಾತನ್ನು ತಿರುಚಿ ಹೇಳುವ ಹಾಗೆ ಬರೆದೆ, ನಾಲ್ಕು ಹೊನ್ನಿನ ಆಸೆಗೆ. ಊರಿನವರು ತಪ್ಪು ತಿಳಿದು ಒಪ್ಪಿದರು, ಹಡಗು ಹೋಯಿತು. ಆಟಕ್ಕೆ ಜೀವ ಬಂತು. ಮಲಗಿದ್ದ ಇಬ್ಬರೂ ಎದ್ದರು, ಆ ವಾರ ನಲವತ್ತಕ್ಕಿಂತ ಹೆಚ್ಚು ಪ್ಯಾರಾಗಳು ಬಂದವು.

ಅವಳು ಬಂದದ್ದು ಇನ್ನೂ ಒಂಬತ್ತು ದಿನ ಕಳೆದು. ಅಪ್ಪ ಆಸ್ಪತ್ರೆಯಲ್ಲಿದ್ದರಂತೆ, ಅವಳಿಗೆ ಒಳಗೆ ಹೋಗಲು ಬಿಡುತ್ತಿರಲಿಲ್ಲವಂತೆ. ಇದು ನನಗೆ ಬೇರೆಯವರಿಂದ ಗೊತ್ತಾಯಿತು. ಗುಂಪಿನಲ್ಲಿ ಅವಳು ಎಲ್ಲವನ್ನೂ ಓದಿ ಒಂದೇ ಸಾಲು ಬರೆದಳು: "ನನ್ನ ದುಭಾಷಿ ಹಾಗೆ ಮಾಡುವವನಲ್ಲ." ಬರೆದು ಗುಂಪಿನಿಂದ ಹೊರಗೆ ಹೋದಳು.

ಅಪ್ಪ ಗುಣವಾದರು. ನಾವು ಈಗಲೂ ಸಿಕ್ಕಾಗ ಮಾತಾಡುತ್ತೇವೆ. ಅದರ ಬಗ್ಗೆ ಮಾತ್ರ ಆಡುವುದಿಲ್ಲ.

ಮೊದಲು ನನಗೆ ನಾನೇ ಕೊಟ್ಟುಕೊಂಡ ಸಮಾಧಾನ, ಅದೊಂದು ಕತೆ, ದುಭಾಷಿ ಎಂಬವನು ಎಲ್ಲೂ ಇಲ್ಲ, ಇಲ್ಲದವನಿಗೆ ಅನ್ಯಾಯ ಮಾಡುವುದು ಹೇಗೆ ಎಂಬುದು. ಆದರೆ ಅವಳ ಹಳೆಯ ಪ್ಯಾರಾಗಳನ್ನು ಮತ್ತೆ ಓದಿದಾಗ ಈ ಸಮಾಧಾನ ನಿಲ್ಲಲಿಲ್ಲ. ನಾಲ್ಕು ತಿಂಗಳಲ್ಲಿ ಅವಳು ಆ ಪಾತ್ರಕ್ಕೆ ಒಂದೇ ಒಂದು ಗುಣವನ್ನು ಕೊಟ್ಟಿದ್ದಳು, ಅದನ್ನೂ ಎಲ್ಲೂ ಬಾಯಿಬಿಟ್ಟು ಹೇಳದೆ. ದುಭಾಷಿ ಬೈಗುಳವನ್ನೂ ಹಾಗೆಯೇ ದಾಟಿಸುತ್ತಿದ್ದ. ತನ್ನನ್ನೇ ನಾಯಿ ಎಂದು ಕಪ್ತಾನ ಕರೆದಾಗ ಅದನ್ನೂ ಒಂದಕ್ಷರ ಬಿಡದೆ ಊರಿನವರ ಮುಂದೆ ಕನ್ನಡದಲ್ಲಿ ಹೇಳಿದ್ದ. ಜಾತಿ, ಹಣ, ಆಯುಧ ಯಾವುದೂ ಇಲ್ಲದ ಆ ಮನುಷ್ಯನಿಗೆ ಇದ್ದ ಆಸ್ತಿ ಅದೊಂದೇ. ನಾನು ಸರಿಯಾಗಿ ಅದನ್ನೇ ಕದ್ದೆ. ಅವಳ ಪಾತ್ರವನ್ನು ಕಡಲಿಗೆ ಬೀಳಿಸಿ ಕೊಂದಿದ್ದರೂ ಇಷ್ಟು ತಪ್ಪಾಗುತ್ತಿರಲಿಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಸತ್ತವನ ಬಗ್ಗೆ ಅವನು ಹೇಗಿದ್ದ ಎಂಬುದಾದರೂ ಉಳಿಯುತ್ತದೆ.

ಎರಡನೆಯ ಸಮಾಧಾನ ನನಗೆ ಸಿಕ್ಕಿದ್ದು ಕೂಟಗಳಲ್ಲಿ. ಅದು ಸ್ವಲ್ಪ ಗಟ್ಟಿ.

ತಾಳಮದ್ದಳೆ ನೋಡದ ಓದುಗರಿಗಾಗಿ ಎರಡು ಮಾತು. ಯಕ್ಷಗಾನದ ವೇಷ, ಕುಣಿತ, ರಂಗಸ್ಥಳ ಎಲ್ಲ ತೆಗೆದುಬಿಡಿ. ಉಳಿಯುವುದು ಭಾಗವತರ ಹಾಡು, ಚೆಂಡೆ ಮದ್ದಳೆ, ಮತ್ತು ಎದುರುಬದುರಾಗಿ ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳು. ಭಾಗವತರು ಒಂದು ಪದ್ಯ ಹಾಡುತ್ತಾರೆ. ಅದರಲ್ಲಿ ವಾಲಿ ರಾಮನನ್ನು ಪ್ರಶ್ನಿಸಿದ ಎಂದಿದ್ದರೆ, ವಾಲಿಯಾಗಿ ಕೂತವರು ಆ ಪ್ರಶ್ನೆಯನ್ನು ತಮ್ಮ ಸ್ವಂತ ಮಾತಿನಲ್ಲಿ, ಅಲ್ಲೇ ಹುಟ್ಟಿಸಿ, ಹತ್ತು ನಿಮಿಷವೋ ಅರ್ಧ ಗಂಟೆಯೋ ಕೇಳುತ್ತಾರೆ. ರಾಮನಾಗಿ ಕೂತವರು ಉತ್ತರಿಸಬೇಕು. ಬರೆದಿಟ್ಟ ಸಂಭಾಷಣೆ ಇಲ್ಲ. ಮಾತೇ ವೇಷ, ಮಾತೇ ರಂಗ. ಎಸೆಕ್ಸಿನ ಹುಡುಗರು ಅಕ್ಷರದಲ್ಲಿ ಮಾಡಿದ್ದನ್ನು ನಮ್ಮ ಕರಾವಳಿ ತಲೆಮಾರುಗಳಿಂದ ನಾಲಗೆಯಲ್ಲಿ ಮಾಡುತ್ತಾ ಬಂದಿದೆ ಎಂದು ನಾನು ಒಂದು ಸೆಮಿನಾರಿನಲ್ಲಿ ಹೇಳಿ ಸ್ವಲ್ಪ ನಗೆಗೀಡಾದದ್ದೂ ಉಂಟು. ಈಗಲೂ ಹಾಗೆಯೇ ಹೇಳುತ್ತೇನೆ.

ಕೂಟದಲ್ಲಿ ಒಬ್ಬರ ಪಾತ್ರವನ್ನು ಇನ್ನೊಬ್ಬರು ಆಡುವುದು ತೀರಾ ಸಾಮಾನ್ಯ. ಬಸ್ಸು ತಪ್ಪಿ ಅರ್ಥಧಾರಿ ಬರಲಿಲ್ಲವೆಂದರೆ ಸಭೆಯಲ್ಲಿ ಕೂತ ಇನ್ನೊಬ್ಬರನ್ನು ಕರೆದು ಕೂರಿಸುತ್ತಾರೆ. ದೊಡ್ಡ ಕೂಟಗಳಲ್ಲಿ ಒಂದೇ ಕರ್ಣನನ್ನು ಇಬ್ಬರು ಹಂಚಿಕೊಳ್ಳುವುದೂ ಇದೆ. ಮೊದಲ ಭಾಗಕ್ಕೆ ಒಬ್ಬರು, ಮರಣದ ಭಾಗಕ್ಕೆ ಇನ್ನೊಬ್ಬರು. 'ನನ್ನ ಕರ್ಣ ಹಾಗೆ ಮಾಡುವವನಲ್ಲ' ಎಂದು ಯಾರೂ ಎದ್ದು ಹೋಗುವುದಿಲ್ಲ. ಹಾಗಾದರೆ ನಾನು ದುಭಾಷಿಯ ಜಾಗದಲ್ಲಿ ಒಂದು ರಾತ್ರಿ ಕೂತದ್ದರಲ್ಲಿ ತಪ್ಪೇನು?

ಕೂಟದಲ್ಲಿ ಪಾತ್ರ ಏನು ಮಾಡುತ್ತದೆ ಎಂಬುದು ಯಾರ ಸ್ವತ್ತೂ ಅಲ್ಲ. ಅದು ಪ್ರಸಂಗದ್ದು. ಪಾರ್ತಿಸುಬ್ಬನ ಹೆಸರಿನಲ್ಲಿ ನಮಗೆ ಬಂದಿರುವ ರಾಮಾಯಣದ ಪ್ರಸಂಗಗಳಲ್ಲಿ ರಾಮ ಮರೆಯಲ್ಲಿ ನಿಂತೇ ಬಾಣ ಬಿಡುತ್ತಾನೆ. ಎಷ್ಟು ದೊಡ್ಡ ಅರ್ಥಧಾರಿಯೂ ಅದನ್ನು ಬದಲಿಸಲಾರ. ಅರ್ಥಧಾರಿಗೆ ಸೇರಿದ್ದು ಯಾಕೆ ಎಂಬುದು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ ಎಂದು ನಮ್ಮ ಹಿರಿಯರು ಇಂದಿಗೂ ಹೇಳುವಾಗ ಅವರು ನೆನೆಯುವುದು ವಾಲಿ ಮಾಡಿದ್ದನ್ನಲ್ಲ, ಶೇಣಿಯವರು ಆ ವಾಲಿಗೆ ಕೊಟ್ಟ ಕಾರಣಗಳನ್ನು. ಮಾಡಿದ್ದು ಎಲ್ಲರದು, ಕಾರಣ ಅವರದು. ಅಲ್ಲದೆ ರಾಮನಾಗಿ ಕೂರುವವರಿಗೆ ಕೂರುವ ಮೊದಲೇ ಗೊತ್ತಿರುತ್ತದೆ, ತಾನು ಮರೆಯಿಂದ ಬಿಟ್ಟ ಬಾಣವನ್ನು ಸಮರ್ಥಿಸಬೇಕಾಗುತ್ತದೆ ಎಂದು. ಗೊತ್ತಿದ್ದೇ ಒಪ್ಪಿಕೊಂಡದ್ದು.

ನಮ್ಮ ಆಟದಲ್ಲಿ ಪ್ರಸಂಗವಿರಲಿಲ್ಲ. ಮಾಡುವುದೂ ಅವಳದೇ, ಯಾಕೆ ಎಂಬುದೂ ಅವಳದೇ. ನಾನು ಮಾಡಿದ್ದನ್ನು ಬರೆದಾಗ ಕಾರಣವೂ ಜೊತೆಯಲ್ಲೇ ಹೋಯಿತು, ನಾಲ್ಕು ಹೊನ್ನು ಎಂದು ನಾನೇ ಬರೆದುಬಿಟ್ಟಿದ್ದೆ. ಕಾರಣವನ್ನಾದರೂ ಖಾಲಿ ಬಿಟ್ಟಿದ್ದರೆ? ದುಭಾಷಿ ತಿರುಚಿ ಹೇಳಿದ, ಯಾಕೆಂದು ಯಾರಿಗೂ ತಿಳಿಯಲಿಲ್ಲ ಎಂದು ಬರೆದು ನಿಲ್ಲಿಸಿದ್ದರೆ, ಅವಳು ಮರಳಿದಾಗ ಒಂದು ಪದ್ಯ ಅವಳಿಗಾಗಿ ಕಾದಿರುತ್ತಿತ್ತು, ಅರ್ಥ ಅವಳು ಹೇಳಬಹುದಿತ್ತು. ಅದೂ ಪೂರ್ತಿ ನ್ಯಾಯವಾಗುತ್ತಿರಲಿಲ್ಲ, ಏಕೆಂದರೆ ಆ ಬಾಣವನ್ನು ಅವಳು ಒಪ್ಪಿಕೊಂಡು ಕೂತವಳಲ್ಲ. ಆದರೆ ಬಾಗಿಲು ಮುಚ್ಚಿರುತ್ತಿರಲಿಲ್ಲ.

ಇಷ್ಟಾದರೂ ಇನ್ನೊಂದು ಕಡೆ ಇದೆ. ಅದನ್ನು ಹೇಳದಿದ್ದರೆ ಇದು ಬರೀ ಪಶ್ಚಾತ್ತಾಪದ ಬರಹವಾದೀತು.

ಕಪ್ತಾನನ ಪಾತ್ರ ಮಾಡುತ್ತಿದ್ದವನು ಪುತ್ತೂರಿನ ಡಿಗ್ರಿ ಹುಡುಗ. ಎಲ್ಲರಿಗಿಂತ ಚಿಕ್ಕವನು. ಪೋರ್ಚುಗೀಸರಿಗೆ ಈ ಕರಾವಳಿಯ ಅಕ್ಕಿ ಯಾಕೆ ಅಷ್ಟು ಬೇಕಾಗಿತ್ತು, ಗೋವೆಗೆ ಇಲ್ಲಿಂದ ಅಕ್ಕಿ ಹೇಗೆ ಹೋಗುತ್ತಿತ್ತು ಎಂದು ಅವನು ಎಲ್ಲೆಲ್ಲಿಂದಲೋ ಓದಿಕೊಂಡು, ಕಪ್ತಾನನ ಆ ಷರತ್ತನ್ನು ಮೂರು ಸಲ ತಿದ್ದಿ ಬರೆದಿದ್ದ. ದಿನಾ ಸಂಜೆ ನನಗೆ ಸಂದೇಶ: "ಎಂತ ಅಕ್ಕಾ, ಇವತ್ತಾದ್ರೂ ಉತ್ತರ ಬಂತಾ?" ಲಾಕ್‌ಡೌನಿನ ಆ ತಿಂಗಳುಗಳಲ್ಲಿ ಅವನಿಗೆ ಇದ್ದದ್ದು ಅದೊಂದೇ ಎಂದು ಅವನ ಮಾತಿನಲ್ಲೇ ತಿಳಿಯುತ್ತಿತ್ತು. ಅವನ ಕಾಯುವಿಕೆ ಕಲ್ಪಿತವಲ್ಲ. ಆಟಕ್ಕೆ ಬಂದವರು ಪರಸ್ಪರ ಏನೂ ಬಾಕಿ ಇಟ್ಟುಕೊಂಡಿಲ್ಲ, ಬೇಕಾದಾಗ ಬರುತ್ತೇವೆ, ಬೇಡವಾದಾಗ ಹೋಗುತ್ತೇವೆ ಎಂದರೆ ಆ ಹುಡುಗನಿಗೆ ನಾನು ಏನು ಹೇಳಲಿ?

ಡೇವಿಡ್ ಹ್ಯೂಮ್ ಒಂದು ಉದಾಹರಣೆ ಕೊಡುತ್ತಾನೆ. ಇಬ್ಬರು ಒಂದು ದೋಣಿಯ ಎರಡು ಹುಟ್ಟುಗಳನ್ನು ಹಾಕುತ್ತಿದ್ದಾರೆ. ಅವರು ಪರಸ್ಪರ ಯಾವ ಮಾತೂ ಕೊಟ್ಟಿಲ್ಲ, ಆದರೂ ಅವರ ನಡುವೆ ಒಂದು ಒಪ್ಪಂದವಿದೆ. ನನ್ನ ಹುಟ್ಟಿಗೆ ಅರ್ಥ ಬರುವುದು ನಿನ್ನ ಹುಟ್ಟಿನಿಂದ. ಬೆಂಗ್ರೆಗೆ ದೋಣಿಯಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಬದಿಯ ಹುಟ್ಟು ನಿಂತರೆ ದೋಣಿ ನಿಲ್ಲುವುದಿಲ್ಲ, ಸುತ್ತುತ್ತದೆ. ಅದು ಇನ್ನೂ ಕಷ್ಟ. ಬರೆದು ಆಡುವ ಆಟದಲ್ಲಿಯೂ ಹಾಗೆಯೇ. ಒಬ್ಬರ ಪ್ಯಾರಾ ಇನ್ನೊಬ್ಬರ ಪ್ಯಾರಾದ ಮೇಲೆ ನಿಂತಿರುತ್ತದೆ. ಹಾಗಾಗಿ ಸುಮ್ಮನೆ ಮಾಯವಾಗುವವರ ಮೇಲೆ ಒಂದು ಸಣ್ಣ ಋಣ ಉಳಿಯುತ್ತದೆ ಎಂದೇ ನಾನು ನಂಬುತ್ತೇನೆ. 'ಇನ್ನು ಸ್ವಲ್ಪ ದಿನ ಆಗುವುದಿಲ್ಲ' ಎಂಬ ಒಂದು ಸಾಲಿನ ಋಣ. ಅಪ್ಪ ಆಸ್ಪತ್ರೆಯಲ್ಲಿರುವವರಿಗೆ ಅದೂ ಮನ್ನಾ.

ಆದರೆ ಹ್ಯೂಮನ ದೋಣಿಗೆ ಒಂದು ದಡವಿದೆ. ಅಲ್ಲಿಗೆ ಮುಟ್ಟಿದ ಮೇಲೆ ಇಬ್ಬರೂ ಹುಟ್ಟು ಕೆಳಗಿಡುತ್ತಾರೆ, ಯಾರೂ ಯಾರಿಗೂ ಮೋಸ ಮಾಡಿದಂತಾಗುವುದಿಲ್ಲ. ನಮ್ಮ ಆಟಕ್ಕೆ ದಡವೇ ಇರಲಿಲ್ಲ. ಕೂಟ ಎಷ್ಟೇ ಸೊಗಸಾಗಿದ್ದರೂ, ವಾದ ಎಷ್ಟೇ ಬಿಸಿಯಾಗಿದ್ದರೂ, ಒಂದು ಹೊತ್ತಿಗೆ ಭಾಗವತರು ಮಂಗಳ ಹಾಡುತ್ತಾರೆ. ಎಲ್ಲರೂ ಏಳುತ್ತಾರೆ, ಊಟವೋ ಚಹವೋ ಆಗುತ್ತದೆ, ಈಗಷ್ಟೇ ಒಬ್ಬರನ್ನೊಬ್ಬರು ಕೊಂದ ಇಬ್ಬರು ಒಂದೇ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಾರೆ. ಮುಂದಿನ ವಾರ ಬರಬಹುದು, ಬರದಿರಬಹುದು. ವಾರದ ಕೂಟ ನಡೆಸುವ ಸಂಘಗಳು ವರ್ಷಗಟ್ಟಲೆ ಬಾಳುತ್ತಿರುವುದು ಪ್ರತಿ ವಾರ ಮುಗಿಯುವುದರಿಂದಲೇ ಎಂದು ನನ್ನ ಅನುಮಾನ. ಮುಗಿಯದ ಆಟದಲ್ಲಿ ಯಾರು ಯಾವಾಗ ಹೋದರೂ ಅದು ನಡುವೆಯೇ ಹೋದಂತೆ. ಮಂಗಳವಿಲ್ಲದ ಕಡೆ ಪ್ರತಿ ವಿದಾಯವೂ ದ್ರೋಹದ ಹಾಗೆ ಕಾಣುತ್ತದೆ. ಆ ದ್ರೋಹವನ್ನು ತಡೆಯಲು ನನ್ನಂಥವರು ಹಾಜರಿ ಪಟ್ಟಿ ಬರೆಯುತ್ತಾರೆ.

ಜೇಮ್ಸ್ ಕಾರ್ಸ್ ಎಂಬ ಅಮೆರಿಕನ್ ಪ್ರಾಧ್ಯಾಪಕ 1986ರ ತನ್ನ ಪುಸ್ತಕದಲ್ಲಿ ಆಟಗಳು ಎರಡು ಬಗೆ ಎನ್ನುತ್ತಾನೆ: ಗೆಲ್ಲಲು ಆಡುವ ಮುಗಿಯುವ ಆಟ, ಮುಂದುವರಿಯಲೆಂದೇ ಆಡುವ ಮುಗಿಯದ ಆಟ. ಅವನ ಒಲವು ಎರಡನೆಯದರ ಕಡೆಗೆ. ಎಂಎಯಲ್ಲಿ ಓದಿದಾಗ ನನಗೂ ಅದು ಬಹಳ ಹಿಡಿಸಿತ್ತು. ಈಗ ಅಷ್ಟು ಖಾತ್ರಿಯಿಲ್ಲ. 'ಆಟ ಮುಂದುವರಿಯಬೇಕು' ಎಂಬ ಮಾತಿನಲ್ಲಿ ಆಡುವವರು ಎಲ್ಲಿದ್ದಾರೆ ಎಂದು ಹುಡುಕಬೇಕಾಗುತ್ತದೆ. ಅಂದು ರಾತ್ರಿ ಏಳು ಸಾಲು ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಅದೇ ಮಾತು.

ಕೂಟದಲ್ಲೂ ಎದುರಾಳಿಯನ್ನು ಉಳಿಸಿಕೊಳ್ಳುವ ಪ್ರಶ್ನೆ ಇದೆ. ಆದರೆ ಬೇರೆ ರೀತಿಯಲ್ಲಿ. ಎದುರು ಕೂತವರು ಉತ್ತರ ಹೇಳಲಾಗದ ಹಾಗೆ ಮಾತಿನಲ್ಲಿ ಕಟ್ಟಿಹಾಕುವ ಶಕ್ತಿ ಕೆಲವರಿಗಿರುತ್ತದೆ. ಒಂದೆರಡು ಸಲ ನಾನೇ ನೋಡಿದ್ದೇನೆ, ಹೊಸ ಅರ್ಥಧಾರಿಯೊಬ್ಬ ಬೆವರಿ, ಶಾಲು ಸರಿಮಾಡಿಕೊಂಡು, ತಲೆ ತಗ್ಗಿಸಿದ್ದನ್ನು. ಸಭೆ ಚಪ್ಪಾಳೆ ಹೊಡೆಯುತ್ತದೆ, ಆಮೇಲೆ ಕೂಟ ಸಪ್ಪೆಯಾಗುತ್ತದೆ. ಎದುರಾಳಿ ಸೋತರೆ ಗೆದ್ದವರಿಗೆ ಮಾತಾಡಲು ಯಾರೂ ಉಳಿಯುವುದಿಲ್ಲವಲ್ಲ. ರಿಚರ್ಡ್ ಬಾರ್ಟಲ್ 1996ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ಮಡ್ ಆಡುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ: ಸಾಧಿಸುವವರು, ಹುಡುಕಿ ಅಲೆಯುವವರು, ಬೆರೆಯುವವರು, ಮತ್ತು ಬೇರೆಯವರನ್ನು ಹೊಡೆದು ಖುಷಿಪಡುವವರು. ಹೊಡೆಯುವವರು ಹೆಚ್ಚಾದಷ್ಟೂ ಬೆರೆಯುವವರು ಬಿಟ್ಟುಹೋಗುತ್ತಾರೆ ಎಂಬುದು ಅವನ ಲೆಕ್ಕ. ಕೂಟ ನೋಡಿದವರಿಗೆ ಇದು ಗೊತ್ತಿರುವುದೇ. ಒಳ್ಳೆಯ ಅರ್ಥಧಾರಿ ತನ್ನ ಮಾತಿನ ಕೊನೆಯಲ್ಲಿ ಎದುರಿನವರು ಹಿಡಿದುಕೊಳ್ಳಲು ಒಂದು ತುದಿ ಬಿಟ್ಟು ನಿಲ್ಲಿಸುತ್ತಾನೆ. ಎದುರಿನವರು ನಿಜವಾಗಿ ತಡವರಿಸಿದರೆ ಭಾಗವತರು ಜಾಗಟೆ ಬಡಿದು ಮುಂದಿನ ಪದ್ಯ ಎತ್ತುತ್ತಾರೆ. ಅದು ಅವಮಾನವಲ್ಲ, ಬಿಡುಗಡೆ. ಮಾತು ಬಾರದವನನ್ನು ಮಾತಾಡು ಎಂದು ಒತ್ತಾಯಿಸುವ ಭಾಗವತರನ್ನು ನಾನು ಕಂಡಿಲ್ಲ. ಅವನ ಬದಲು ತಾವೇ ಅರ್ಥ ಹೇಳುವವರನ್ನೂ ಕಂಡಿಲ್ಲ. ಅವರು ಕತೆಯನ್ನು ಮುಂದೆ ಒಯ್ಯುತ್ತಾರೆ, ಅಷ್ಟೆ.

ಇನ್ನೊಂದು ವಿಷಯ, ಹೂಂಗುಟ್ಟುವುದು. ಪೀಠಿಕೆ ನಡೆಯುವಾಗ ಭಾಗವತರು ನಡುನಡುವೆ ಹೂಂ ಎನ್ನುತ್ತಾರೆ, ಹೌದು ಎನ್ನುತ್ತಾರೆ. ಎದುರು ಕೂತವರು ತಲೆಯಾಡಿಸುತ್ತಾರೆ, ಹುಬ್ಬೇರಿಸುತ್ತಾರೆ. ಮಾತಾಡದಿರುವವರೂ ಅಲ್ಲಿ ಇದ್ದಾರೆ ಎಂದು ಕಾಣುತ್ತದೆ. ಅಕ್ಷರದ ಆಟದಲ್ಲಿ ಈ ಅನುಕೂಲವಿಲ್ಲ. ಬರೆದರೆ ಇದ್ದೀರಿ, ಬರೆಯದಿದ್ದರೆ ಇಲ್ಲ. ದಿನಾ ಓದುತ್ತಾ, ಮನಸ್ಸಿನಲ್ಲೇ ಉತ್ತರ ಕಟ್ಟುತ್ತಾ, ಟೈಪ್ ಮಾಡಲು ಕೈ ಬಾರದವರಿಗೂ ಆಟ ಮರೆತೇಬಿಟ್ಟವರಿಗೂ ನನ್ನ ಪಟ್ಟಿಯಲ್ಲಿ ಒಂದೇ ಸೊನ್ನೆ. ಅವಳು ಆ ಇಪ್ಪತ್ತು ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಕೂತು ನನ್ನ ಖಾಸಗಿ ಸಂದೇಶಗಳನ್ನು ಓದುತ್ತಿದ್ದಳೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ನೀಲಿ ಗುರುತು ಕಾಣದ ಹಾಗೆ ಅವಳು ಮೊದಲೇ ಮಾಡಿಟ್ಟುಕೊಂಡಿದ್ದಳು. ಆಗ ಅದೂ ನನಗೆ ಸಿಟ್ಟು ತರಿಸಿತ್ತು.

ಫೋನಿನ ಬಹುಪಾಲು ಆ್ಯಪ್‌ಗಳು ನನ್ನ ಹಾಜರಿ ಪಟ್ಟಿಯ ದೊಡ್ಡ ರೂಪಗಳೇ. ಭಾಷೆ ಕಲಿಸುವ ಡ್ಯುಯೊಲಿಂಗೋದಲ್ಲಿ ಸತತ ಇಷ್ಟು ದಿನ ಎಂಬ ಲೆಕ್ಕ ಇರುತ್ತದೆ, ಒಂದು ದಿನ ತಪ್ಪಿದರೆ ಅದು ಕಡಿದುಹೋಗಬಹುದು. ಜನ ಕಲಿಯುವುದಕ್ಕಿಂತ ಹೆಚ್ಚು ಆ ಲೆಕ್ಕ ಉಳಿಸಲು ಬರುತ್ತಾರೆ. ಇದನ್ನೆಲ್ಲ ಒಟ್ಟಿಗೆ ಕೆಟ್ಟದ್ದು ಎನ್ನಲಾರೆ. ಬಾ ಎಂದು ಕರೆಯುವುದರಲ್ಲಿ ತಪ್ಪಿಲ್ಲ. ನಮ್ಮೂರಿನ ಸಂಘದವರೂ ಶನಿವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ, "ಸಂಜೆ ಕೂಟ ಉಂಟು, ನೀವು ಬರ್ಬೇಕು ಮಾರಾಯ್ರೆ" ಎಂದು. ವ್ಯತ್ಯಾಸ ಎಲ್ಲಿದೆ ಎಂದು ನೋಡಲು ನನಗೆ ಸಿಕ್ಕಿದ ಒಂದು ದಾರಿ ಇದು: ಯಾಕೆ ಕರೆದೆ ಎಂಬುದನ್ನು ಕರೆಸಿಕೊಂಡವರ ಎದುರೇ ಹೇಳಬಹುದೇ? ಸಂಘದವರು ಹೇಳಬಹುದು. 'ನೀವಿಲ್ಲದಿದ್ದರೆ ಅರ್ಜುನನಿಗೆ ಜನ ಇಲ್ಲ' ಎಂದು ಅವರು ಹೇಳಿಯೂ ಹೇಳುತ್ತಾರೆ. 'ನಿನಗೆ ನಾಚಿಕೆಯಾಗಲಿ ಎಂದು ಸೊನ್ನೆ ಹಾಕಿದೆ' ಎಂದು ನಾನು ಅವಳೆದುರು ಹೇಳಲಾರೆ. 'ಎಲ್ಲರೂ ಕಾಯುತ್ತಿದ್ದಾರೆ ಎಂದದ್ದು ಸುಳ್ಳು, ಕಾಯುತ್ತಿದ್ದದ್ದು ನಾನು' ಎಂದೂ ಹೇಳಲಿಲ್ಲ. ಎರಡನೆಯದನ್ನು ಹೇಳಿದ್ದರೆ ಅವಳು ಬಹುಶಃ ಉತ್ತರಿಸುತ್ತಿದ್ದಳು.

ಮತ್ತೇನು ಮಾಡಬಹುದಿತ್ತು? 1990ರಲ್ಲಿ ಪಾವೆಲ್ ಕರ್ಟಿಸ್ ಎಂಬಾತ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾಂಬ್ಡಾಮೂ ಎಂಬ ಅಕ್ಷರಲೋಕವನ್ನು ಕಟ್ಟಿದ. ಒಂದು ದೊಡ್ಡ ಮನೆ, ಅದರಲ್ಲಿ ಕೋಣೆಗಳು, ಕೋಣೆಗಳಲ್ಲಿ ಜನ. ಅಲ್ಲಿ ಆಡುವವರು ಕಂಪ್ಯೂಟರಿನಿಂದ ಎದ್ದುಹೋದರೆ ಪಾತ್ರ ಸಾಯುವುದಿಲ್ಲ, ಅಳಿಯುವುದಿಲ್ಲ. ಯಾರಾದರೂ ಅವರತ್ತ ನೋಡಿದರೆ ಅವರು ನಿದ್ರಿಸುತ್ತಿದ್ದಾರೆ ಎಂದು ಬರುತ್ತದೆ. ಇದನ್ನು ಮೊದಲು ಓದಿದಾಗ ನನಗೆ ಕುಂಭಕರ್ಣನ ನೆನಪಾಗಿ ನಗು ಬಂತು, ಆಮೇಲೆ ನಗು ಹೋಯಿತು. ಎಷ್ಟು ಸರಳ. ದುಭಾಷಿಗೆ ಜ್ವರ ಬಂತು, ಮನೆಯಲ್ಲಿ ಮಲಗಿದ್ದಾನೆ, ಮಾತುಕತೆ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಮೀನು ಮಾರುವ ಹೆಂಗಸಿಗೂ ಹಡಗಿನ ಖಲಾಸಿಗೂ ಜಗಳ ಎಂದು ನಾನು ಬರೆಯಬಹುದಿತ್ತು. ಅದೂ ಅವಳ ಪಾತ್ರವನ್ನು ಮುಟ್ಟಿದಂತೆಯೇ, ಆದರೆ ಜ್ವರ ಬಂದವನ ಗುಣ ಕೆಡುವುದಿಲ್ಲ. ಕಪ್ತಾನನ ಹುಡುಗನಿಗೆ ಸ್ವಲ್ಪ ಬೇಸರವಾಗುತ್ತಿತ್ತು. ಅವನ ಷರತ್ತು ಒಂದು ತಿಂಗಳು ಗಾಳಿಯಲ್ಲಿ ತೂಗುತ್ತಿತ್ತು. ಹೋಗಲಿ, ಹದಿನಾರನೆಯ ಶತಮಾನದಲ್ಲಿ ಲಿಸ್ಬನ್ನಿನಿಂದ ಒಂದು ಉತ್ತರ ಬರಲು ವರ್ಷವೇ ಹಿಡಿಯುತ್ತಿತ್ತು.

ಆದರೆ ಇದನ್ನೂ ಪೂರ್ತಿ ನಂಬಲಾರೆ. ಎಲ್ಲರನ್ನೂ ಮಲಗಿಸುತ್ತಾ ಹೋದರೆ ಕೊನೆಗೆ ಊರಿಡೀ ಮಲಗುತ್ತದೆ, ಎಚ್ಚರವಿರುವ ಒಬ್ಬರು ಮಲಗಿದವರ ನಡುವೆ ಓಡಾಡಬೇಕಾಗುತ್ತದೆ. ನಮ್ಮ ಆಟಕ್ಕೆ ಆಮೇಲೆ ಆದದ್ದೂ ಅದೇ. ಅವಳು ಹೋದ ಮೇಲೆ ಆರು ವಾರ ಕತೆ ಜೋರಾಗಿ ನಡೆಯಿತು, ಡಿಸೆಂಬರಿನಲ್ಲಿ ಬ್ಯಾರಿ ವ್ಯಾಪಾರಿಗೆ ಕೆಲಸ ಸಿಕ್ಕಿತು, ಗುತ್ತಿನ ಯಜಮಾನನಿಗೆ ಮದುವೆ ನಿಶ್ಚಯವಾಯಿತು. ಹುಡುಗ ಮಾತ್ರ ಫೆಬ್ರವರಿಯವರೆಗೂ ಕೇಳುತ್ತಿದ್ದ. ನಾನು ಕೊನೆಗೆ ಮಂಗಳ ಬರೆಯಬಹುದಿತ್ತು, ಹಡಗುಗಳು ಹೋದವು, ಮಳೆ ಬಂತು, ಮುಗಿಯಿತು ಎಂದು. ಬರೆಯಲಿಲ್ಲ. ದುಭಾಷಿಯನ್ನು ಆ ಸ್ಥಿತಿಯಲ್ಲಿ ಬಿಟ್ಟು ಮಂಗಳ ಹಾಡಲು ಮನಸ್ಸಾಗಲಿಲ್ಲ.

ಕಳೆದ ಆಷಾಢದಲ್ಲಿ ಕದ್ರಿ ಕಡೆ ಒಂದು ಕೂಟಕ್ಕೆ ಹೋಗಿದ್ದೆ. ಶರಸೇತು ಬಂಧ. ಹನೂಮಂತನ ಅರ್ಥ ಹೇಳಬೇಕಾದ ಹಿರಿಯರು ಮಳೆಗೆ ಸಿಕ್ಕಿಬಿದ್ದಿದ್ದರು. ಇನ್ನೊಬ್ಬರು ಅವರ ಜಾಗದಲ್ಲಿ ಕೂತು ಶುರುಮಾಡಿದರು. ಚೆನ್ನಾಗಿಯೇ ಹೇಳುತ್ತಿದ್ದರು. ನಡುವೆ ಹಿರಿಯರು ಒದ್ದೆ ಕೊಡೆ ಹಿಡಿದು ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಕೂತಿದ್ದ ಹನೂಮಂತ ಅವರನ್ನು ನೋಡಿದರು, ಆದರೆ ತಕ್ಷಣ ಏಳಲಿಲ್ಲ. ತಾನು ಹಿಡಿದಿದ್ದ ವಾದವನ್ನು ನಾಲ್ಕು ಮಾತಿನಲ್ಲಿ ಮುಗಿಸಿದರು. ಮುಗಿಸುವಾಗ ಅರ್ಜುನನಿಗೆ ಒಂದು ಪ್ರಶ್ನೆ ಕೇಳಿ ಬಿಟ್ಟರು. ಭಾಗವತರು ಪದ್ಯ ಎತ್ತಿದರು. ಆ ಪದ್ಯದ ಹೊತ್ತಿಗೆ ಇವರು ಎದ್ದರು, ಅವರು ಬಂದು ಕೂತು ಶಾಲು ಹೊದ್ದರು. ಪಕ್ಕದಲ್ಲಿ ಕೂತ ಅಜ್ಜ ಎಲೆ ಅಡಿಕೆ ಹಾಕುತ್ತಿದ್ದವರು ತಲೆ ಎತ್ತಿಯೂ ನೋಡಲಿಲ್ಲ.

ಮನೆಗೆ ಬಂದು ಆ ಹಳೆಯ ಗುಂಪನ್ನು ತೆರೆದೆ. ನನ್ನ ಏಳು ಸಾಲುಗಳನ್ನು ಅಳಿಸೋಣ ಎಂದು. ಇಷ್ಟು ಹಳೆಯ ಸಂದೇಶವನ್ನು ನನ್ನ ಫೋನಿನಿಂದ ಮಾತ್ರ ತೆಗೆಯಬಹುದು, ಉಳಿದವರ ಫೋನಿನಲ್ಲಿ ಅದು ಹಾಗೆಯೇ ಇರುತ್ತದೆ. ಬಿಟ್ಟುಬಿಟ್ಟೆ. ಅವಳಿಗೆ ಪ್ರತ್ಯೇಕವಾಗಿ ಒಂದು ಸಂದೇಶ ಬರೆದೆ. ಹಡಗು ಹಿಡಿದ ದಿನದಿಂದ ದುಭಾಷಿ ಏನು ಮಾಡಿದ ಎಂದು ನನಗೆ ನಿಜವಾಗಿ ಗೊತ್ತಿಲ್ಲ, ಗೊತ್ತಿದ್ದವಳು ನೀನೊಬ್ಬಳೇ ಎಂದು. ಕಳಿಸಿ ಎರಡು ತಿಂಗಳಾಯಿತು. ನೆನಪಿಸಿಲ್ಲ.